ಕನಕಲಕ್ಷ್ಮಿ ಕೂರಿಸಿದ ಅಧ್ಯಕ್ಷೆ

ಕನಕಲಕ್ಷ್ಮಿ ನನ್ನ ಜೊತೆ ಓದಿದವಳು, ಈಗ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ನವರಾತ್ರಿಗೆ ಗೊಂಬೆ ಕೂರಿಸುವಾಗ ಪ್ರತಿ ವರ್ಷ ಕೆಳಗಿನ ಮೆಟ್ಟಿಲಲ್ಲಿ ಊರಿನವರೊಬ್ಬರನ್ನು ಜೇಡಿಮಣ್ಣಿನಲ್ಲಿ ಗೇಲಿ ಮಾಡುತ್ತಾಳೆ. ಹೋದ ವರ್ಷ ಕಂಬದ ಮೇಲೆ ನಿದ್ದೆ ಹೊಡೆಯುವ ಲೈನ್‌ಮನ್. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಈ ಸಲ ಸರಸ್ವತಿ ಪೂಜೆಯ ಸಂಜೆ ನಾನು ಹೊಸಿಲು ದಾಟಿದ್ದೇ ಒಳಗಿನ ನಗು ನಿಂತಿತು.

"ಬನ್ನಿ ಪ್ರೆಸಿಡೆಂಟ್ರೇ, ನಿಮ್ದೇ ದರ್ಬಾರು ನಡೀತಾ ಐತೆ," ಎಂದಳು ನಾಗಲಕ್ಷ್ಮಿ, ಪಂಚಾಯಿತಿ ಸದಸ್ಯ ಕೃಷ್ಣಪ್ಪನ ಹೆಂಡತಿ.

ಕೆಳಗಿನ ಮೆಟ್ಟಿಲಲ್ಲಿ, ಸಿಂಹಾಸನದ ಮೇಲೆ ಜೇಡಿಮಣ್ಣಿನ ನಾನಿದ್ದೆ. ತಲೆಗೆ ಕಿರೀಟ, ಕೈಯಲ್ಲಿ ಚಾವಟಿ. ಕೆಳಗೆ ನನ್ನ ಗಂಡ ರುದ್ರಯ್ಯ ನನ್ನ ಚಪ್ಪಲಿ ಹಿಡಿದು ನಿಂತಿದ್ದ. ಅಧಿಕಾರ ಹಿಡಿದ ಹೆಂಗಸನ್ನು ಎಲ್ಲರೂ ಹೀಗೇ ತಾನೆ ಮಾಡುವುದು. ನಕ್ಕುಬಿಟ್ಟೆ.

ಆಮೇಲೆ ಸಿಂಹಾಸನದ ಹಿಂದೆ ಕಣ್ಣು ಹೋಯಿತು. ಅಲ್ಲೊಂದು ಕಕ್ಕಸು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಅದೇ ಹೆಂಗಸು, ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು.

ಅಧ್ಯಕ್ಷೆಯಾಗಿ ಮೊದಲ ಸಭೆಯ ದಿನ ಪಂಚಾಯಿತಿ ಕಕ್ಕಸಿನಲ್ಲಿ ನಾನು ಹಾಗೆ ಕೂತಿದ್ದು ನಿಜ. ಹೇಳಿಕೊಂಡಿದ್ದು ಕನಕನಿಗೆ ಮಾತ್ರ, ಕೊಣನೂರು ಬಸ್ಸಿನಲ್ಲಿ. ಈ ರೇವಮ್ಮ ಅಳುವವಳಲ್ಲ ಎಂದು ನಂಬಿದ್ದಕ್ಕೇ ಪಂಚಾಯಿತಿಯ ಗಂಡಸರು ಇವತ್ತು ನನ್ನ ಮಾತಿಗೆ ಬೆಲೆ ಕೊಡುತ್ತಾರೆ.

"ಅದೊಂದು ತೆಗ್ದ್‌ಬುಡೆ," ಎಂದೆ ಕನಕನ ಕಿವಿಯಲ್ಲಿ.

"ಕೂರ್ಸಿದ ಗೊಂಬೆನ ದಶಮಿ ತನಕ ಕದಲಿಸೋ ಹಾಗಿಲ್ಲ ಕಣೆ, ಗೊತ್ತಿಲ್ವಾ? ಬಾ, ಆರತಿ ಎತ್ತು. ಇವತ್ತು ನೀನೇ ದೊಡ್ಡೋಳು."

ಹಾಡು ಶುರುವಾಯಿತು. ತಟ್ಟೆ ಹಿಡಿದು ನನಗೆ ನಾನೇ ಆರತಿ ಎತ್ತಿದೆ.

"ಅಕ್ಕೋ, ಆ ಅಳ್ತಾ ಕುಂತಿರೋಳು ಯಾರು?" ನಾಗಲಕ್ಷ್ಮಿ ಬಿಡಲಿಲ್ಲ.

"ನಾನೇ ಕಣವ್ವ. ನಿನ್ ಗಂಡ ಸಭೇಲಿ, ಒಲೆ ಮುಂದೆ ಓಗಿ ಕೂತ್ಕೊ ಅಂದ್ನಲ್ಲ, ಅವತ್ತು."

ನಾಗಲಕ್ಷ್ಮಿ ಮೊಬೈಲ್ ತೆಗೆದು ಗೊಂಬೆಯ ಹತ್ತಿರ ಬಗ್ಗಿದಳು. "ತಡೀರಿ, ನಮ್ ಮನೆಯವ್ರಿಗೆ ಕಳಿಸ್ತೀನಿ."

ಕನಕ ಬಾಗಿಲವರೆಗೂ ಬಂದು ಕುಂಕುಮ ಕೊಟ್ಟಳು. ಅವಳ ಮುಖ ಬೆಳಗುತ್ತಿತ್ತು.

"ನೋಡಿದ್ಯಾ, ನನ್ನ ಗೊಂಬೆ ಇಲ್ದಿದ್ರೆ ಅಷ್ಟು ಧೈರ್ಯವಾಗಿ ಹೇಳ್ತಿದ್ಯಾ ನೀನು?"

ಕುಂಕುಮ ಬೇಡ ಎನ್ನಲಾಗಲಿಲ್ಲ. ಹಚ್ಚಿಕೊಂಡು, ಉಸಲಿಯ ಪೊಟ್ಟಣ ಹಿಡಿದು ಬೀದಿಗಿಳಿದೆ. ನಾಲ್ಕು ಮನೆ ದಾಟುವಷ್ಟರಲ್ಲಿ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕೆನಿಸಿತು. ಮೂವತ್ತು ವರ್ಷಗಳಿಂದ ಇಂಥದ್ದನ್ನೆಲ್ಲ ಹೇಳಿಕೊಳ್ಳಲು ನನಗಿದ್ದವಳು ಅವಳೊಬ್ಬಳೇ.