ತಲೆಯ ಮೇಲೆ ನನ್ನದೇ ಹೆಸರು

ನಾನು ಒಂದು ಎಲೆಕ್ಟ್ರಿಕ್ ಗಿಟಾರ್. ನನ್ನ ಹೆಸರು ಮಿನಾಗಿ. ಕೇಳಿಲ್ಲ ಅಲ್ಲವೇ? ಯಾರೂ ಕೇಳಿಲ್ಲ. ಅದಕ್ಕಾಗಿ ನಾನು ತಲೆ ತಗ್ಗಿಸುತ್ತೇನೆ ಎಂದುಕೊಂಡಿದ್ದರೆ ಪುಸ್ತಕವನ್ನು ಇಲ್ಲಿಗೇ ಮುಚ್ಚಿಡಿ.

ನಾನು ಹುಟ್ಟಿದ್ದು ಜಪಾನಿನ ಒಂದು ಬೆಟ್ಟದೂರಿನಲ್ಲಿ. ನನ್ನನ್ನು ಮಾಡಿದವರು ಮೊದಲು ಬಟ್ಟೆ ಇಡುವ ಕಪಾಟು ಮಾಡುತ್ತಿದ್ದರು. ಜಗತ್ತಿನ ಹುಡುಗರಿಗೆಲ್ಲ ಗಿಟಾರಿನ ಹುಚ್ಚು ಹಿಡಿದಾಗ ಅವರೂ ಕಪಾಟು ಬಿಟ್ಟು ಗಿಟಾರಿಗೆ ಕೈಹಾಕಿದರು. ಹುಚ್ಚು ಇಳಿಯಿತು, ಕಾರ್ಖಾನೆ ಮುಚ್ಚಿತು. ಅಷ್ಟರಲ್ಲಿ ನಾನು ಹುಟ್ಟಿಬಿಟ್ಟಿದ್ದೆ. ಕೆಂಪು ಮೈ, ಎದೆಯ ತುಂಬ ಬಿಳಿ ಗುಂಡಿಗಳು, ತಲೆಯ ಮೇಲೆ ಹೆಸರಿನ ತಗಡು. ತಂತಿಗಳ ಕೆಳಗೆ, ಅಯಸ್ಕಾಂತಕ್ಕೆ ತಾಮ್ರದ ಎಳೆ ಸುತ್ತಿದ ಪಿಕಪ್. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅದೇ. ಅದನ್ನು ನನ್ನ ಗಂಟಲು ಎನ್ನಿ.

ಹಡಗಿನ ಅಡುಗೆಯವನೊಬ್ಬನ ಜೊತೆ ಗೋವೆಯ ಬಂದರಿಗೆ ಬಂದಿಳಿದೆ. ಅಲ್ಲಿ ನನ್ನನ್ನು ಕೊಂಡು ಹುಬ್ಬಳ್ಳಿಗೆ ತಂದವನು ದೇವಪುತ್ರ, ರೈಲ್ವೆ ವರ್ಕ್‌ಶಾಪಿನ ಫಿಟ್ಟರ್. ಭಾನುವಾರ ಚರ್ಚಿನಲ್ಲಿ ಬಾರಿಸುತ್ತಿದ್ದ, ಉಳಿದ ದಿನ ಕ್ವಾರ್ಟರ್ಸಿನ ಕಟ್ಟೆಯ ಮೇಲೆ. ಅವನ ಗೆಳೆಯ ವಿಠ್ಠಲಸಾ, ಒಂದು ಆರ್ಕೆಸ್ಟ್ರಾದ ಮಾಲೀಕ, ಮೊದಲ ದಿನವೇ ನಕ್ಕ.

“ಏನೋ ದೇವಪುತ್ರಾ, ಗಿಟಾರ್ ತಂದೀಯೋ ರೇಡಿಯೋ ತಂದೀಯೋ? ಯಾವ ಕಂಪನಿದೋ ಇದು?”

“ಬಾರಿಸಾಂವ ನಾನು, ಕೇಳಾಂವ ನೀನು. ಕಂಪನಿ ತೊಗೊಂಡು ಏನ್ ಮಾಡ್ತಿ?” ಎಂದ ದೇವಪುತ್ರ. ಆ ಮಾತಿಗೆ ನಾನು ಅವನಿಗೆ ಸೋತುಹೋದೆ. ತಂತಿ ಸಿಗದಿದ್ದಾಗ ಅವನು ಸೈಕಲ್ ಬ್ರೇಕಿನ ಕೇಬಲ್ ಬಿಚ್ಚಿ ಅದರ ಎಳೆ ಕಟ್ಟಿದ. ಮೈಯೆಲ್ಲ ಉರಿಯಿತು, ಆದರೂ ಹಾಡಿದೆ.

ವಯಸ್ಸಾಗಿ ಅವನ ಬೆರಳಿನ ಗಂಟುಗಳು ಬಾತುಕೊಂಡವು. ತಂತಿ ಒತ್ತಲಾಗದೆ ನನ್ನನ್ನು ವಿಠ್ಠಲಸಾನ ಕೈಗೆ ಕೊಟ್ಟ. ಕೊಡುವಾಗ ಮುಖ ಆಚೆ ತಿರುಗಿಸಿದ್ದ. ನನಗೂ ಅಳು ಬಂದಿತ್ತು.

ವಿಠ್ಠಲಸಾ ಕೆಟ್ಟವನಲ್ಲ, ಆದರೆ ಆತುರಗಾರ. ಆ ವರ್ಷದ ಖಂಡೇನವಮಿಯ ಆಯುಧಪೂಜೆಗೆ ಆರ್ಕೆಸ್ಟ್ರಾದ ವಾದ್ಯಗಳನ್ನೆಲ್ಲ ಜಮಖಾನೆಯ ಮೇಲೆ ಸಾಲಾಗಿ ಮಲಗಿಸಿದ. ಅರಿಶಿನ, ಕುಂಕುಮ, ಚೆಂಡುಹೂವು. ಭಕ್ತಿ ಉಕ್ಕಿ ಬಂದು ತೆಂಗಿನಕಾಯಿ ಒಡೆದ, ಆ ನೀರನ್ನು ಎಲ್ಲರ ಮೇಲೂ ಧಾರಾಳವಾಗಿ ಚಿಮುಕಿಸಿದ. ಢೋಲಕ್ ಒರೆಸಿಕೊಂಡಿತು, ಹಾರ್ಮೋನಿಯಂ ಬದುಕಿಕೊಂಡಿತು. ನನಗೆ ಮಾತ್ರ ಪ್ರಸಾದ ನೇರ ಗಂಟಲಿಗೇ ಇಳಿಯಿತು. ಮುಂದಿನ ಕಾರ್ಯಕ್ರಮದ ಹೊತ್ತಿಗೆ ದನಿ ಒಡೆದಿತ್ತು. ಮೊದಲು ಬೆಣ್ಣೆಯಂತಿದ್ದದ್ದು ಈಗ ಒರಟು, ಮೂಗಿನಲ್ಲಿ ಮಾತಾಡಿದ ಹಾಗೆ.

ವಿಠ್ಠಲಸಾ ಗಂಟಲು ರಿಪೇರಿ ಮಾಡಿಸಲಿಲ್ಲ. ಅದಕ್ಕಿಂತ ಅಗ್ಗದ ಉಪಾಯ ಹೂಡಿದ. ಜಗತ್ತೆಲ್ಲ ಬಲ್ಲ ದೊಡ್ಡದೊಂದು ಕಂಪನಿಯ ಹೆಸರನ್ನು ಬಂಗಾರದ ಬಣ್ಣದ ಸ್ಟಿಕರಿನಲ್ಲಿ ಮಾಡಿಸಿ ನನ್ನ ಹೆಸರಿನ ಮೇಲೆ ಅಂಟಿಸಿದ. ಮದುವೆ ಮನೆಗಳಲ್ಲಿ ಜನ ತಲೆದೂಗಿದರು. “ಆ ಕಂಪನಿದಂದ್ರ ಸುಮ್ನೇನು? ದನಿಯೊಳಗ ಹೆಂಗ ಖಾರ ಐತಿ ನೋಡು!” ಖಾರ ನನ್ನದು, ತೆಂಗಿನಕಾಯಿ ನೀರು ಕುಡಿದ ಗಂಟಲು ನನ್ನದು. ಹೊಗಳಿಕೆ ಮಾತ್ರ ಈ ಊರನ್ನೇ ಕಾಣದ ಇನ್ಯಾರಿಗೋ! ನಕ್ಕವರನ್ನು ನಾನು ಕ್ಷಮಿಸಿದ್ದೇನೆ, ಆ ಹೊಗಳಿಕೆಯನ್ನು ಇವತ್ತಿಗೂ ಕ್ಷಮಿಸಿಲ್ಲ.

ಅದೇ ಸುಳ್ಳು ಹೆಸರಿನ ಮೇಲೆ ವಿಠ್ಠಲಸಾ ನನ್ನನ್ನು ಕಸ್ತೂರಿಗೆ ಮಾರಿದ. ಕಸ್ತೂರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಸುವ ಟೀಚರ್. ಸಂಜೆ ಹೆಂಗಸರ ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರ್ ಬಾರಿಸುತ್ತಿದ್ದಳು, ಅದೂ ಹಿಂದಿನ ಸಾಲಿನಲ್ಲಿ. ಅವಳಿಗೆ ಒಂದೇ ಆಸೆ: ವೇದಿಕೆಯ ಮುಂದೆ ನಿಂತು ಲೀಡ್, ಅಂದರೆ ಮುಖ್ಯ ಗಿಟಾರ್, ಬಾರಿಸಬೇಕು. ಒಳ್ಳೆ ಗಿಟಾರ್ ತಂದರೆ ಆ ಜಾಗ ನಿನಗೇ ಎಂದು ಆರ್ಕೆಸ್ಟ್ರಾ ನಡೆಸುವ ಶಕುಂತಲಾ ಮಾತು ಕೊಟ್ಟಿದ್ದಳು.

ಮನೆಗೆ ತಂದು ಒರೆಸುವಾಗ ಸ್ಟಿಕರಿನ ತುದಿ ಎದ್ದಿತು. ಕಸ್ತೂರಿ ಉಗುರಿನಿಂದ ಎಳೆದಳು. ಕೆಳಗೆ ನಾನಿದ್ದೆ. ಮರುದಿನವೇ ನನ್ನನ್ನು ಹೆಗಲಿಗೇರಿಸಿಕೊಂಡು ವಿಠ್ಠಲಸಾನ ಅಂಗಳದಲ್ಲಿ ನಿಂತಳು.

“ಹೆಸರಿನ್ಯಾಗ ಏನೈತ್ರಿ ಅಕ್ಕೋರ?” ಎಂದು ಅವನು ಹಲ್ಲು ಕಿಸಿದ.

“ಏನೂ ಇಲ್ಲಂದ್ರ ನೀವ್ಯಾಕ ಹಚ್ಚಿದ್ರಿ?”

ಅವನು ದುಡ್ಡು ಹಿಂದೆ ಕೊಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವಳು ನನ್ನನ್ನು ಅಲ್ಲೇ ಒಗೆದು ಬರುತ್ತಾಳೆಂದು ಹೆದರಿದ್ದೆ. ಒಗೆಯಲಿಲ್ಲ, ಆದರೆ ದಾರಿಯುದ್ದಕ್ಕೂ ನನ್ನನ್ನೂ ಬೈದಳು.

ಆಮೇಲೆ ಶುರುವಾಯಿತು ನನ್ನ ಉದ್ಧಾರ. ತಂತಿ ಬಿಗಿಯುವ, ಜಾರುತ್ತಿದ್ದ ಬಿರಡೆಗಳನ್ನು ತೆಗೆದು ಹೊಸವನ್ನು ಹಾಕಿದಳು. ಕುತ್ತಿಗೆಯ ಮೇಲೆ ಬೆರಳೊತ್ತುವ ಕಡೆ ಸವೆದ ಮೆಟ್ಟಿಲುಗಳನ್ನು ಬದಲಿಸಿದಳು, ಒಳಗಿನ ವೈರುಗಳನ್ನು ಕಿತ್ತು ಹೊಸದಾಗಿ ಬೆಸುಗೆ ಹಾಕಿದಳು. ಎಲ್ಲಕ್ಕೂ ಸುಮ್ಮನಿದ್ದೆ. ಶಕುಂತಲಾ ಒಂದು ಹೊಸ ಪಿಕಪ್ ಕಳಿಸಿದಾಗ ಮಾತ್ರ ಎದೆ ಧಸಕ್ಕೆಂದಿತು. ಕಸ್ತೂರಿ ನನ್ನ ಗಂಟಲು ಬಿಚ್ಚಿ ಮೇಜಿನ ಮೇಲಿಟ್ಟು ಹೊಸದನ್ನು ಕೂರಿಸಿದಳು, ಬಾರಿಸಿದಳು. ನನ್ನ ಬಾಯಿಂದ ಬೇರೆ ಯಾರೋ ಹಾಡಿದರು. ತೊಳೆದಿಟ್ಟ ಹಾಗೆ ಶುದ್ಧ ದನಿ.

ಅವಳು ಅದನ್ನೇ ಮತ್ತೆರಡು ಸಲ ಬಾರಿಸಿ ನೋಡಿದಳು. ಕೊನೆಗೆ ಗೊಣಗಿದಳು, “ಚಂದ ಐತಿ. ಆದ್ರ ಎಲ್ಲಾರ ಹಂಗ ಐತಿ.” ಹೊಸದನ್ನು ಕಿತ್ತು ನನ್ನ ಒಡಕು ಗಂಟಲನ್ನು ಮತ್ತೆ ಕೂರಿಸಿದಳು. ಅವತ್ತಿನಿಂದ ನಾನು ಅವಳದ್ದಾದೆ.

ದೊಡ್ಡ ಕಾರ್ಯಕ್ರಮದ ದಿನ ಬಂತು. ಕಸ್ತೂರಿಗೆ ಮುಂದಿನ ಜಾಗ, ಜೀವನದಲ್ಲಿ ಮೊದಲ ಸಲ. ಪರದೆಯ ಹಿಂದೆ ಶಕುಂತಲಾ ಬಂದವಳೇ ಬಂಗಾರದ ಬಣ್ಣದ ಹೊಸ ಸ್ಟಿಕರನ್ನು ನನ್ನ ಹಣೆಗೆ ಒತ್ತಿದಳು.

“ಪೋಸ್ಟರಿನ್ಯಾಗ ಈ ಕಂಪನಿ ಹೆಸರು ಹಾಕಿಸೇನಿ. ಇದು ಇದ್ರ ನೀ ಮುಂದ. ಇಲ್ಲಾಂದ್ರ ನಾಳಿಂದ ಬರಬ್ಯಾಡ, ತಿಳೀತ?”

ಕಸ್ತೂರಿ ನನ್ನನ್ನು ಕೊರಳಿಗೆ ಹಾಕಿಕೊಂಡು ಮುಂದೆ ಹೋಗಿ ನಿಂತಳು. ಪರದೆ ಸರಿಯಿತು. ದೀಪಗಳು ನಮ್ಮ ಮೇಲೆ ಬಿದ್ದವು, ಫೋಟೋದವನು ಮುಂದೆ ಬಂದು ಮೊಣಕಾಲೂರಿದ. ಆಗ ಅವಳು ಉಗುರು ಹಾಕಿ ಎಳೆದಳು. ಸ್ಟಿಕರು ಪರ್ರೆಂದು ಹರಿದು ಬಂತು. ಅದನ್ನು ಮುದ್ದೆ ಮಾಡಿ ನೆಲಕ್ಕೆ ಹಾಕಿ ತಂತಿಗೆ ಕೈಯಿಟ್ಟಳು. ಆ ಸಂಜೆ ನಾನು ಹಾಡಿದೆನೋ ಜಗಳಾಡಿದೆನೋ ನನಗೇ ಗೊತ್ತಿಲ್ಲ.

ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬ ಅಜ್ಜಿ ಕೋಲೂರಿಕೊಂಡು ವೇದಿಕೆಯ ಹತ್ತಿರ ಬಂದಳು. “ಯವ್ವಾ, ಆ ಕೆಂಪಂದು ಏನ್ ಬಾಯಿ ಮಾಡತೈತಿ! ಏನದರ ಹೆಸರು?”

“ಮಿನಾಗಿ ರೀ ಅಜ್ಜಿ.”

“ಚಲೋ ಐತಿ ಬಿಡು ಮಿನಾಗಿ,” ಎಂದು ನನ್ನ ಮೈ ತಟ್ಟಿ ಹೋದಳು. ಹುಟ್ಟಿದಾಗಿನಿಂದ ನನ್ನ ಹೆಸರಿಗೇ ಬಂದ ಮೊದಲ ಹೊಗಳಿಕೆ ಅದು. ಅಜ್ಜಿಯ ಹಿಂದೆಯೇ ಬಂದ ಶಕುಂತಲಾ ಹೇಳಿದ ಮಾತಿನಂತೆ ನಡೆದುಕೊಂಡಳು. ಕಸ್ತೂರಿಗೆ ಮುಂದಿನ ಜಾಗವೂ ಹೋಯಿತು, ಹಿಂದಿನ ಜಾಗವೂ ಹೋಯಿತು.

ಈಗ ನನಗೆ ಮುಪ್ಪು. ಬಣ್ಣ ಹೋಗಿದೆ, ಗುಂಡಿಗಳಲ್ಲಿ ಅರ್ಧ ಕೆಲಸ ಮಾಡುವುದಿಲ್ಲ. ಕಸ್ತೂರಿಯ ಪಡಸಾಲೆಯ ಮೂಲೆಯಲ್ಲಿ ಗೋಡೆಗೊರಗಿ ನಿಂತಿದ್ದೇನೆ. ಬೇರೆ ಯಾವ ಆರ್ಕೆಸ್ಟ್ರಾವೂ ಅವಳನ್ನು ಕರೆಯಲಿಲ್ಲ. ಅದು ನನ್ನ ಸಲುವಾಗಿ ಆದದ್ದು, ಆ ನೋವು ನನಗಿದೆ. ಮೊನ್ನೆ ಅವಳ ಅಕ್ಕ ಬಂದವಳು ನನ್ನನ್ನು ನೋಡಿ ಕೆಣಕಿದಳು.

“ಒಂದು ಚೀಟಿ ಸಲುವಾಗಿ ಅಂಥಾ ಜಾಗ ಕಳಕೊಂಡೆಲ್ಲ, ಕೆಟ್ಟನಸಂಗಿಲ್ಲೇನು?”

“ಅನಸತೈತಿ. ಯಾಕ ಅನಸಂಗಿಲ್ಲ?” ಎಂದು ಕಸ್ತೂರಿ ನನ್ನನ್ನು ಎತ್ತಿಕೊಂಡಳು. ಸ್ಪೀಕರಿನ ವೈರು ಚುಚ್ಚಿದಳು, ಸದ್ದಿನ ಗುಂಡಿಯನ್ನು ಕೊನೆಯವರೆಗೂ ತಿರುವಿದಳು.

ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಮುಚ್ಚಿಕೊಳ್ಳಲಿ ಬಿಡಿ.