ಟೋಕನ್ ನಂಬರ್ ಹದಿನೇಳು

ನಾನು ಕೆಟ್ಟವನೇನಲ್ಲ. ಮಧುಗಿರಿಯ ಬ್ಯಾಂಕೊಂದರ ಕೌಂಟರಿನಲ್ಲಿ ಕೂತು ಒಂಬತ್ತು ವರ್ಷವಾಗಿತ್ತು, ಅಷ್ಟೆ. ಜನ ಜಾಲರಿಗೆ ಮೂಗು ತುರುಕಿ ಒಂದೇ ಮಾತನ್ನು ಹತ್ತು ಸಲ ಕೇಳಿದರೆ ಯಾರಿಗಾದರೂ ತಲೆ ಕೆಡುತ್ತದೆ. ಎಂಬತ್ತೊಂದನೇ ಇಸವಿಯ ಏಪ್ರಿಲ್‌ನಲ್ಲಿ ಈರಕ್ಕ ನಾಲ್ಕನೇ ಸಲ ಬಂದಾಗ ನನ್ನ ತಲೆ ಕೆಟ್ಟೇ ಇತ್ತು.

ಪಾವಗಡದ ಕಡೆಯ ಒಂದು ಹಟ್ಟಿಯಿಂದ ಎರಡು ಬಸ್ಸು ಹತ್ತಿ ಬರುತ್ತಿದ್ದಳು. ಗಂಡ ಕುರಿ ಮಾರಿದ ದುಡ್ಡಿನಲ್ಲಿ ನಮ್ಮಲ್ಲಿ ಖಾತೆ ತೆರೆದಿದ್ದ. ಮರುವರ್ಷ ಕುರಿ ಹೊಡೆದುಕೊಂಡು ಕೊರಟಗೆರೆ ಕಡೆ ಹೋದವನು ಅಲ್ಲೇ ಸತ್ತ, ಅಲ್ಲೇ ಮಣ್ಣು ಮಾಡಿದರು. ಮರಣಪತ್ರ ಯಾರೂ ಮಾಡಿಸಲಿಲ್ಲ. ಖಾತೆಯಲ್ಲಿ ಹಣ ಕಡಿಮೆಯಿದೆ ಎಂದು ಬ್ಯಾಂಕು ಮೂರು ತಿಂಗಳಿಗೊಮ್ಮೆ ಅವನ ಹೆಸರಿಗೆ ರಿಜಿಸ್ಟರ್ ಕಾಗದ ಕಳಿಸುತ್ತಿತ್ತು. ಕಳಿಸಿದ ಖರ್ಚೆಂದು ಅದೇ ಖಾತೆಯಿಂದ ನಾಲ್ಕು ರೂಪಾಯಿ ಮುರಿದುಕೊಳ್ಳುತ್ತಿತ್ತು. ರೂಲ್ಸು ನಾನು ಬರೆದದ್ದಲ್ಲ.

“ದುಡ್ಡು ನೀವೇ ಇಟ್ಕೊಳಿ ಸಾಮಿ, ಕಾಗ್ದ ಮಾತ್ರ ಕಳಿಸ್ಬ್ಯಾಡಿ,” ಎಂದಳು ಈರಕ್ಕ. “ಪೋಸ್ಟಿನ ಬೈಲಪ್ಪ ಬಾಗ್ಲಲ್ಲಿ ನಿಂತು ಅವ್ರ ಹೆಸ್ರು ಕೂಗ್ತಾನೆ. ಸತ್ತೋರ್ನ ಹೆಸ್ರಿಡಿದು ಕರುದ್ರೆ ಬಂದ್ಬುಡ್ತಾರೆ. ಬೆಳಿಗ್ಗೆದ್ರೆ ಒಲೆ ಬೂದಿ ಮ್ಯಾಲೆ ಹೆಜ್ಜೆ. ಎಡಗಾಲಲ್ಲಿ ಹೆಬ್ಬೆರಳಿಲ್ಲ, ಅವ್ರದೇ. ನನ್ ಮಗ್ಳು ಹೆದ್ರಿ ಉಣ್ಣಾದೇ ಬುಟ್ಟವ್ಳೆ.”

“ಖಾತೆ ಮುಚ್ಚಿದರೆ ಕಾಗದ ನಿಲ್ಲುತ್ತೆ. ಮುಚ್ಚೋಕೆ ಖಾತೆದಾರನೇ ಬಂದು ಹೆಬ್ಬೆಟ್ಟು ಒತ್ತಬೇಕು.”

“ಸತ್ತೋಗವ್ರೆ ಅಂದೆನಲ್ಲ ಸಾಮಿ.”

“ಹಾಗಾದರೆ ಮರಣಪತ್ರ ತಾ. ಇಲ್ಲದಿದ್ದರೆ ಹೋಗಿ ಕೂತ್ಕೋ. ಟೋಕನ್ ಕೈಲಿದ್ದ ಮೇಲೆ ಕಾಯಲೇಬೇಕು.” ಹಿಂದಿನ ಮೂರು ಸಲವೂ ಇದನ್ನೇ ಹೇಳಿ, ಸಂಜೆವರೆಗೆ ಕೂರಿಸಿ ಕಳಿಸಿದ್ದೆ.

ಈ ಸಲ ಅವಳು ಕದಲಲಿಲ್ಲ. “ಅವ್ರೇ ಬರ್ಬೇಕು ಅಂದ್ರೆ ನೀವೇ ಕರೀರಿ. ನಾನು ಗಂಡನ ಹೆಸ್ರು ಹೇಳಾಕಿಲ್ಲ.”

ಊಟದ ಹೊತ್ತು, ಹೊಟ್ಟೆ ಹಸಿವು, ಅದರ ಮೇಲೆ ಸಿಟ್ಟು. ಹದಿನೇಳನೇ ನಂಬರಿನ ಹಿತ್ತಾಳೆ ಟೋಕನ್ನನ್ನು ಕೌಂಟರಿನ ಮೇಲೆ ಕುಕ್ಕಿದೆ. ಖಾತೆ ಮುಚ್ಚುವ ಫಾರಂ ಅದರ ಪಕ್ಕದಲ್ಲಿಟ್ಟೆ. ಒಳಗಿದ್ದವರಿಗೆಲ್ಲ ಕೇಳುವ ಹಾಗೆ ಕೂಗಿದೆ: “ಯತ್ತಪ್ಪಾ! ಟೋಕನ್ ನಂಬರ್ ಹದಿನೇಳು!” ಮೂರು ಸಲ ಕೂಗಿದೆ. ಜನ ನಕ್ಕರು. ನಾನೂ ನಕ್ಕೆ.

ಆಮೇಲೆ ಒದ್ದೆ ಕಂಬಳಿಯ ವಾಸನೆ ಬಂತು. ಹೊರಗೆ ಸುಡುವ ಬಿಸಿಲು. ಫ್ಯಾನಿನ ಗಾಳಿಗೆ ಮೇಜಿನ ಕಾಗದವೆಲ್ಲ ಪಟಪಟ ಅನ್ನುತ್ತಿತ್ತು, ಆ ಫಾರಂ ಮಾತ್ರ ಯಾರೋ ಅಂಗೈಯಲ್ಲಿ ಒತ್ತಿ ಹಿಡಿದ ಹಾಗೆ ಅಲುಗಲಿಲ್ಲ. ಬಗ್ಗಿ ನೋಡಿದೆ. ಹೆಬ್ಬೆಟ್ಟಿನ ಗುರುತು, ಇಂಕು ಇನ್ನೂ ಹಸಿ. ಅವನ ಹಳೆಯ ಕಾರ್ಡು ತೆಗೆದು, ಭೂತಗನ್ನಡಿ ಹಿಡಿದು ನೋಡಿದೆ. ಗೆರೆಗೆ ಗೆರೆ ಹೊಂದಿತು.

ಖಾತೆ ಮುಚ್ಚಿ, ಉಳಿದಿದ್ದ ಮೂವತ್ತೊಂದು ರೂಪಾಯಿ ಎಣಿಸಿದೆ. ಟೋಕನ್ ಮಾತ್ರ ಎಲ್ಲೂ ಸಿಗಲಿಲ್ಲ. ಟೋಕನ್ ಕಳೆದರೆ ಐದು ರೂಪಾಯಿ ದಂಡ. ಅದನ್ನು ಮುರಿದುಕೊಂಡೇ ಈರಕ್ಕನ ಕೈಗೆ ಕೊಟ್ಟೆ. ಅಷ್ಟು ಹೆದರಿಕೆಯಲ್ಲೂ ನನಗೆ ರೂಲ್ಸು ಮರೆಯಲಿಲ್ಲ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ನನ್ನಾಕೆ ಚೀರಿದಳು. ಅವಳು ಆಗಷ್ಟೇ ಬಿಟ್ಟ ರಂಗೋಲಿಯ ನಡುವೆ ಒಂದು ಎಡಹೆಜ್ಜೆ, ನಾಲ್ಕೇ ಬೆರಳು. ಆಮೇಲೆ ದಿನಾ ಅದೇ. ಶಿರಾಕ್ಕೆ ವರ್ಗ ಮಾಡಿಸಿಕೊಂಡೆ. ಅಲ್ಲೂ ಬಂತು, ತಿಂಗಳಿಗೊಂದು ಗೇಣು ಹೊಸ್ತಿಲಿಗೆ ಹತ್ತಿರ.

ಕೊನೆಗೆ ಈರಕ್ಕನ ಹಟ್ಟಿ ಹುಡುಕಿಕೊಂಡು ಹೋದೆ. ಅವಳ ಮಗಳು ಜಗುಲಿಯ ಮೇಲೆ ಕೂತು ಮುದ್ದೆ ಉಣ್ಣುತ್ತಿದ್ದಳು. ಈರಕ್ಕ ನನಗೆ ಮಜ್ಜಿಗೆ ಕೊಟ್ಟಳು. ನಾನು ಅವಳ ಮುಂದೆ ಕೈ ಮುಗಿದೆ.

“ಅವನ ದುಡ್ಡು ಕೊಟ್ಟಾಯ್ತಲ್ಲಮ್ಮ, ಇನ್ನೇನು ಬೇಕಂತೆ ಅವನಿಗೆ?”

“ನನ್ ಕೈಗೆ ಕೊಟ್ರಿ ಸಾಮಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. “ಟೋಕನ್ ಅವ್ರ ಕೈಲೈತೆ. ಟೋಕನ್ ಕೈಲಿದ್ದ ಮ್ಯಾಲೆ ಕಾಯ್ಲೇಬೇಕು ಅಂತ ನೀವೇ ಯೋಳ್ತಿದ್ರಲ್ಲಾ.”

ಶಿರಾಕ್ಕೆ ವಾಪಸು ಬಂದು ಬಾಗಿಲು ತೆಗೆದೆ. ಹೆಜ್ಜೆ ಹೊಸ್ತಿಲ ಒಳಗಿತ್ತು.