ಪಾಪದ ಪಟ್ಟಿಗೆ ಹೊಸ ಸಾಲುಗಳು

ನಮ್ಮ ಹಟ್ಟಿಯಲ್ಲಿ ಯಾರೇ ಸತ್ತರೂ ಅವರ ಪಾಪಗಳನ್ನು ಹೇಳುವವನು ನಾನು. ಹೆದರಬೇಡಿ, ಯಾರು ಏನು ಮಾಡಿದರೆಂದು ನಾನೇನೂ ಪತ್ತೆ ಹಚ್ಚಲು ಹೋಗುವುದಿಲ್ಲ. ನೀಲಗಿರಿಯ ನಮ್ಮ ಬಡಗರಲ್ಲಿ ಪಟ್ಟಿ ಎಲ್ಲರಿಗೂ ಒಂದೇ. ಗಡಿಕಲ್ಲು ಸರಿಸಿದ, ಕುಡಿಯುವ ನೀರು ಕದಡಿದ, ಹಸಿದು ಬಂದವರನ್ನು ಅಟ್ಟಿದ ಎಂದು ಒಂದೊಂದಾಗಿ ಹೇಳುತ್ತೇನೆ. ಶವದ ಸುತ್ತ ನೆರೆದವರು ಒಂದೇ ಕೊರಳಿನಲ್ಲಿ "ಪಾಪ" ಅನ್ನುತ್ತಾರೆ. ಅಲ್ಲಿಗೆ ಅದು ಕಳೆಯಿತು. ಸತ್ತವರು ಹಗುರಾಗಿ ಆಚೆ ದಾಟುತ್ತಾರೆ. ಹಿಂದೆ ಎಮ್ಮೆಗರುವಿನ ಮೇಲೆ ಪಾಪ ಹೊರಿಸಿ ಓಡಿಸುತ್ತಿದ್ದರಂತೆ. ಈಗ ಎಮ್ಮೆ ಮೇಯುತ್ತಿದ್ದ ಹುಲ್ಲೆಲ್ಲ ಟೀ ತೋಟವಾಗಿರುವುದರಿಂದ ಪಾಪ ತಾನೇ ನಡೆದುಕೊಂಡು ಹೋಗಬೇಕು.

ನಾನು ರಂಗನಾಥನ್, ಟೀ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತನಾದವನು. ಈ ಕೆಲಸ ಅಪ್ಪನಿಂದ ಬಂದದ್ದು, ಕೊರಳೂ ಅಪ್ಪನದೇ. ಸೋಲೂರು ಬಸ್ಸಿನಿಂದ ಇಳಿದು ಕೆಳಗೆ ನಡೆದರೆ ನಮ್ಮ ಹಟ್ಟಿ. ಮೇಲ್ಗಡೆ ಒಂದು ಜೌಗು, ಅದರ ಬುಡದಲ್ಲಿ ಒರತೆ. ಐದು ವರ್ಷದ ಕೆಳಗೆ ನಮ್ಮ ಹಟ್ಟಿಯವನೇ ಆದ ದಿನೇಶ್‌ಕುಮಾರ್ ಆ ಜೌಗು ಮುಚ್ಚಿ ಕಾಟೇಜು ಕಟ್ಟುತ್ತೇನೆಂದು ಕಾಗದ ತಂದಾಗ ಇಡೀ ಹಟ್ಟಿ ಸಹಿ ಹಾಕಿತು. ನಾನೂ ಹಾಕಿದೆ. ನನ್ನ ತೋಟದವರೆಗೆ ಸಿಮೆಂಟು ರಸ್ತೆ ಬಂತು; ಸುಳ್ಳು ಯಾಕೆ ಹೇಳಲಿ, ರಸ್ತೆ ಚೆನ್ನಾಗಿಯೇ ಇದೆ. ಹೆಬ್ಬೆಟ್ಟು ಒತ್ತದವಳು ಒಬ್ಬಳೇ, ನನ್ನ ಸೋದರತ್ತೆ ಕಾಳಿಯಮ್ಮ. ದಿನಾ ಬೆಳಿಗ್ಗೆ ಒರತೆಯ ಎಲೆ ಕಸ ತೆಗೆಯುವುದು ಅವಳ ಕೆಲಸ. ಯಾರೂ ಹೇಳಿದ್ದಲ್ಲ, ಯಾರೂ ಬೇಡ ಅಂದದ್ದೂ ಅಲ್ಲ.

ಎರಡು ಮಳೆಗಾಲ ಕಳೆಯಿತು. ಮೂರನೆಯದರಲ್ಲಿ ಗುಡ್ಡ ಜಾರಿತು. ನಾಲ್ಕು ಮನೆ ಹೋದವು, ಒರತೆ ಮಣ್ಣಿನಡಿ ಸೇರಿತು. ಆಮೇಲೆ ನಮಗೂ ಕಾಟೇಜಿಗೂ ನೀರು ಲಾರಿಯಲ್ಲಿ ಬರತೊಡಗಿತು. ಮೊದಲು ಕಾಟೇಜಿಗೆ, ಉಳಿದರೆ ನಮಗೆ.

ಅದೇ ವರ್ಷ ಹಟ್ಟಿಯ ಹಿರಿಯ ಸುರೇಂದ್ರನ್ ತೀರಿಕೊಂಡರು. ನಾನು ಪಟ್ಟಿ ಹೇಳುತ್ತ ಹೇಳುತ್ತ ಕುಡಿಯುವ ನೀರಿನ ಸಾಲಿಗೆ ಬಂದೆ. ಬಾಯಿ ತಪ್ಪಿತೋ ಮನಸ್ಸು ತಪ್ಪಿತೋ, "ಜೌಗು ಮುಚ್ಚಿದ" ಅಂದುಬಿಟ್ಟೆ. "ಪಾಪ!" ಅಂತು ಹಟ್ಟಿ. "ಹಳ್ಳಕ್ಕೆ ಕಾಂಕ್ರೀಟು ಸುರಿದ." "ಪಾಪ!" ಎಷ್ಟೋ ವರ್ಷದ ಮೇಲೆ ಆ ಶಬ್ದಕ್ಕೆ ಜೀವ ಬಂದಿತ್ತು. ಇನ್ನು ನನ್ನನ್ನು ಬೈಯುತ್ತಾರೆ ಅಂದುಕೊಂಡು ಕೂತಿದ್ದೆ. ದಿನೇಶ್‌ಕುಮಾರನೇ ಬಂದು ನನ್ನ ಕೈ ಹಿಡಿದುಕೊಂಡ.

"ಅಣ್ಣಾ, ನೀ ಹೇಗಿದದುನ ಕೇಟು ಎದೆ ಹಗುರಾತು" ಅಂದ. ನಾನು ಹೇಳಿದ್ದನ್ನು ಕೇಳಿ ಹಗುರಾದನಂತೆ; ಕಣ್ಣಲ್ಲಿ ನಿಜವಾಗಿ ನೀರಿತ್ತು. ಮುಂದಿನ ವಾರ ಇನ್ನೂ ಎರಡು ಕಾಟೇಜಿಗೆ ಪಾಯ ತೆಗೆಸಿದ.

ಆಮೇಲೆ ಜನ ಮನೆಗೇ ಬರತೊಡಗಿದರು. ಸರವಣನ್ ಬಂದ. "ಮಾವಾ, ಎನ್ನ ಬೋರ್‌ವೆಲ್ಲುನೂ ಒಂದು ಸಾಲು ಹಾಕಿಬುಡು. ಆರುನೂರು ಅಡಿ." ಹಾಕಿದೆ. ಕಳೆನಾಶಕ ಹೊಡೆದವರು, ಮರ ಕಡಿದು ತಪ್ಪನ್ನು ಸಿಡಿಲಿನ ಮೇಲೆ ಹಾಕಿದವರು, ಮನೆ ಹೋದ ತಮ್ಮನನ್ನು ಒಳಗೆ ಕರೆಯದವರು, ಎಲ್ಲರೂ ಬಂದರು. ಸಾವು ಯಾರದಾದರೇನು, ಸಾಲು ತಮ್ಮದಾದರೆ ಸಾಕು. ಎಂಟು ತಿಂಗಳು ಯಾರೂ ಸಾಯಲಿಲ್ಲ. ಪಟ್ಟಿ ನಲವತ್ತೊಂದು ಸಾಲಿಗೆ ಬೆಳೆಯಿತು. ನೆಗಡಿಯಾದ ಮುದುಕರನ್ನು ಜನ ವಿಶೇಷ ಅಕ್ಕರೆಯಿಂದ ವಿಚಾರಿಸಿಕೊಳ್ಳತೊಡಗಿದರು.

ಈ ನಡುವೆ ಕಾಟೇಜಿನಲ್ಲಿ ಒಂದು ಶಿಬಿರ ನಡೆಯಿತು. 'ಕುಸಿತದ ಕಾಲದಲ್ಲಿ ಸೃಜನಶೀಲ ಬದುಕು' ಎಂದು ಬೋರ್ಡು ಹಾಕಿದ್ದರು. ಮೈಸೂರಿನಿಂದ ಬಂದ ಶಿವರಂಜನಿ ಎಂಬಾಕೆ ನನ್ನಿಂದ ಪಟ್ಟಿ ಹೇಳಿಸಿ ಫೋನಿನಲ್ಲಿ ಹಿಡಿದುಕೊಂಡರು. "ಸರ್, ನಾವು ಮೂರು ದಿನದಿಂದ ಬರೀ ಮಾತಾಡ್ತಿದೀವಿ, ನೀವು ಅದನ್ನೇ ಬದುಕ್ತಿದ್ದೀರಿ" ಅಂದರು. ಆ ಮೂರು ದಿನ ಹಟ್ಟಿಗೆ ನೀರು ಬಂದಿರಲಿಲ್ಲ. ಆದರೂ ನಾನು ಉಬ್ಬಿಹೋದೆ. ಮನೆಗೆ ಬಂದು ಕನ್ನಡಿಯ ಮುಂದೆ ಒಮ್ಮೆ ಪಟ್ಟಿ ಹೇಳಿ ನೋಡಿಕೊಂಡೆ. ಹೆಂಡತಿ ಕಮಲಂ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ನನಗೆ ಊಟ ಸೇರುವುದಿಲ್ಲ.

ಕೊನೆಗೂ ಒಂದು ಸಾವು ಬಂತು. ಕಾಳಿಯಮ್ಮ.

ಒರತೆ ಹೂತುಹೋದ ಮೇಲೂ ಅವಳು ದಿನಾ ಅಲ್ಲಿಗೆ ಹೋಗಿ ಮಣ್ಣಿನ ಮೇಲೆ ಬಿದ್ದ ಎಲೆ ಆರಿಸುತ್ತಿದ್ದಳು. ಅಲ್ಲೇ ಕೂತಿದ್ದಂತೆ ಸಿಕ್ಕಳು. ತೊಂಬತ್ತು ದಾಟಿತ್ತು. ನನ್ನನ್ನು ಎತ್ತಿ ಆಡಿಸಿದವಳು, ಅಳು ತಡೆಯಲಾಗಲಿಲ್ಲ. ಹಟ್ಟಿಯವರಿಗೂ ದುಃಖವಾಯಿತು, ಇಲ್ಲವೆನ್ನಲಾರೆ. ಆದರೆ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದವರೆಲ್ಲ ಹೋಗುವ ಮುಂಚೆ ಮೆಲ್ಲಗೆ ಕೇಳಿದರು, "ಎನ್ನ ಸಾಲು ಇದೆ ತಾನೆ?"

ಪಟ್ಟಿಯನ್ನು ಜೇಬಿಗಿಟ್ಟುಕೊಂಡು ಹೊರಟಾಗ ಕಮಲಂ ಬಾಗಿಲಿಗೆ ಅಡ್ಡ ನಿಂತಳು.

"ಆ ಮಾಮಿ ತಲೆ ಮೇಲೆ ಇದೆಲ್ಲಾ ಹೊರಿಸೀಯಾ?"

"ಹೇಳದಿದ್ದರೆ ಅವಳು ದಾಟೋದು ಹೆಂಗೆ?"

"ಮಾಮಿ ಮಾಡದದುನ ಹೇಗಿದರ ದಾಟಾಳಾ?"

 ಅವಳ ಪಕ್ಕದಿಂದ ನುಸುಳಿ ನಡೆದೆ.

ಶವದ ತಲೆಯ ಬಳಿ ನಿಂತೆ. ಹಳೆಯ ಸಾಲುಗಳನ್ನು ಅಪ್ಪ ಹೇಳುತ್ತಿದ್ದ ಹಾಗೆಯೇ ಹೇಳಿದೆ. "ಪಾಪ", "ಪಾಪ" ಎಂದು ಹಟ್ಟಿ ತೂಕಡಿಸುವಂತೆ ಒಪ್ಪಿಕೊಂಡು ಹೋಯಿತು. ಹಳೆಯದು ಮುಗಿಯಿತು. ಎಲ್ಲರೂ ಒಂದು ಹೆಜ್ಜೆ ಹತ್ತಿರ ಸರಿದರು. ದಿನೇಶ್‌ಕುಮಾರ್ ಕಣ್ಣು ಮುಚ್ಚಿ ಸಿದ್ಧನಾದ. ಜೇಬಿಗೆ ಕೈ ಹಾಕಿದೆ. ಅತ್ತೆಯ ಉಗುರುಗಳಲ್ಲಿ ಇನ್ನೂ ಮಣ್ಣಿತ್ತು, ಎಷ್ಟು ತೊಳೆದರೂ ಹೋಗಿರಲಿಲ್ಲ. ಕೈ ಹಿಂದಕ್ಕೆ ತೆಗೆದೆ.

"ಕಾಳಿಯಮ್ಮ ಜೌಗಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ" ಅಂದೆ.

"ಪಾಪ!" ಅಂತು ಹಟ್ಟಿ, ಒಂದೇ ಕೊರಳಿನಲ್ಲಿ.

"ದಿನಾ ಒರತೆಯ ಕಸ ತೆಗೆದಳು."

"ಪಾ..." ಅರ್ಧ ಜನ ನಿಂತರು. ಉಳಿದರ್ಧ ಮುಗಿಸಿ, ತಾವೇನು ಅಂದೆವೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರವಣನ್ ತಲೆ ತಗ್ಗಿಸಿದ. ದಿನೇಶ್‌ಕುಮಾರ್ ಕಣ್ಣು ಬಿಟ್ಟ.

 "ರಂಗನಾಥನ್ ಸಹಿ ಹಾಕಿದ" ಅಂದೆ.

 ಮುಂದಿನ ಸಾಲಿಗೆ ಯಾರ ಹೆಸರು ಬರುತ್ತದೋ ಎಂದು ಪ್ರತಿಯೊಬ್ಬನೂ ನನ್ನ ಬಾಯನ್ನೇ ನೋಡುತ್ತಿದ್ದ. ಅನ್ನುವವರಿಲ್ಲದೆ ಮಾತು ಅಲ್ಲೇ ನಿಂತಿತು.

ಹೆಂಗಸರ ಗುಂಪಿನಿಂದ ಕಮಲಂ ಮುಂದೆ ಬಂದಳು. ಸೆರಗು ಸರಿಮಾಡಿಕೊಂಡಳು. ನನ್ನನ್ನು ನೋಡಿಯೇ, ಎಲ್ಲರಿಗೂ ಕೇಳುವಂತೆ, "ಪಾಪ" ಅಂದಳು.

ಅದು ಕಳೆಯುತ್ತದೆಂದು ಸ್ವಲ್ಪ ಹೊತ್ತು ಕಾದೆ. ಕಳೆಯಲಿಲ್ಲ. ನಾನಿನ್ನೂ ಸತ್ತಿರಲಿಲ್ಲವಲ್ಲ.